ಮೌನವ್ರತದ ದಿನ ಮುಂದೆ ಹೋದ ಟ್ಯಾಕ್ಸಿ

ಆಪತ್ತಿನಲ್ಲಿ ಮನುಷ್ಯರೂಪದಿಂದಲೇ ಬಂದು ಕೈಹಿಡಿಯುವ ಪರಮಾತ್ಮನಿಗೆ ಮೊದಲು ನಮಸ್ಕರಿಸುತ್ತೇನೆ. ಪುಣೆಯಂಥ ಊರಿನಲ್ಲಿ, ಈ ವಯಸ್ಸಿನಲ್ಲಿ, ನಮ್ಮಿಬ್ಬರನ್ನೂ ಕಾಯುತ್ತಿರುವುದು ಅವನ ಕೃಪೆಯೇ.

ನನ್ನ ಧರ್ಮಪತ್ನಿಯ ಏಕಾದಶಿಯ ನಿಯಮ ಕಠಿಣವಾದುದು. ಘಾಟಿನಾಚೆಯ ವಿಠ್ಠಲನ ದರ್ಶನವಾಗುವವರೆಗೆ ಆಹಾರವಿಲ್ಲ, ಮಾತೂ ಇಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಆಕೆ ಅದನ್ನು ಸಡಿಲಿಸಲಿಲ್ಲ. ಸಕ್ಕರೆ ಇಳಿದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಎಚ್ಚರಿಸಿದ್ದರಿಂದ ನಾನು ಜೇಬಿನಲ್ಲಿ ಖರ್ಜೂರ ಇಟ್ಟುಕೊಂಡಿರುತ್ತಿದ್ದೆ.

ಆ ಬೆಳಿಗ್ಗೆ ಸೊಸೆ ತನ್ನ ಫೋನಿನಿಂದ ಟ್ಯಾಕ್ಸಿ ಕರೆಸಿ, ಕೋಥರೂಡಿನ ಮನೆಯಿಂದ ನಮ್ಮನ್ನು ಕಳುಹಿಸಿದಳು. ಘಾಟಿನ ಬುಡದ ಕಾತ್ರಜದಲ್ಲಿ ನಾನು ಇಳಿದು ತುಳಸಿಮಾಲೆ ಕೊಂಡೆ. ಅದನ್ನು ಹಿಂದಿನ ಸೀಟಿನಲ್ಲಿ, ನನ್ನ ಫೋನಿದ್ದ ಚೀಲದ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದೆ. ಬರಿಗಾಲಿಗೆ ಮೆತ್ತಿದ ಕೆಸರು ತೊಳೆಯಲು ಹೂವಿನಂಗಡಿಯ ನಲ್ಲಿಯತ್ತ ತಿರುಗಿದೆ. ಬಾಗಿಲಿನ ಸದ್ದು ಕೇಳಿದ ಚಾಲಕ, ನಾನು ಹತ್ತಿದೆನೆಂದೇ ತಿಳಿದು ಹೊರಟುಬಿಟ್ಟ.

ಹೂವಿನಾಕೆಯ ಫೋನು ಬೇಡಿ, ಸೊಸೆ ನನ್ನಿಂದ ಬಾಯಿಪಾಠ ಮಾಡಿಸಿದ್ದ ತನ್ನ ಸಂಖ್ಯೆಗೆ ಕರೆ ಮಾಡಿದೆ. ಚಾಲಕನ ಫೋನು ಅವಳಿಗೆ ಹತ್ತಲಿಲ್ಲ. ಅತ್ತೆಯ ಫೋನು ವ್ರತದ ದಿನ ಬಂದ್ ಆಗಿರುತ್ತದೆ; ಚೀಲದಲ್ಲಿದ್ದ ನನ್ನದು ಬಡಿದುಕೊಂಡರೂ ಮೌನದಲ್ಲಿದ್ದ ಆಕೆ ಎತ್ತುವವಳಲ್ಲ. ಕೂಡಲೇ ಅವಳು ಪೊಲೀಸರ ತುರ್ತು ಸೇವೆಗೆ ಗಾಡಿಯ ನಂಬರು ತಿಳಿಸಿದಳು. ಜಪವನ್ನೂ ಧೈರ್ಯವನ್ನೂ ಬಿಡಬಾರದೆಂದು ನಾನು ನಿಂತಲ್ಲೇ ನಿಶ್ಚಯಿಸಿದೆ.

ಸ್ವಲ್ಪ ಹೊತ್ತಿನಲ್ಲೇ ಗಸ್ತಿನ ಗಾಡಿ ಬಂದಿತು. ನನ್ನ ಮರಾಠಿಯನ್ನು ಎರಡು ಮಾತು ಕೇಳಿದ ಮಹಿಳಾ ಪೇದೆ ಕನ್ನಡಕ್ಕೇ ಹೊರಳಿದಳು. "ನಮ್ಮವ್ವನೂ ಕನ್ನಡದಾಕಿನ ರೀ. ಹತ್ರಿ ಅಜ್ಜಾರ. ಮುಂದ ಟೋಲ್ ನಾಕಾದಾಗ ಗಾಡಿ ನಿಲ್ಲಸ್ರಿ ಅಂತ ಹೇಳೇವಿ."

"ಆಕಿ ಮಾತಾಡೂದಿಲ್ಲವ್ವಾ. ತಲಿ ತಿರಗಿದ್ರೂ ಹೇಳೂದಿಲ್ಲ."

"ಮಾತಾಡೂ ಅಜ್ಜಿ ಆಗಿದ್ರ ಇಷ್ಟೊತ್ತಿಗೆ ಡ್ರೈವರನ ಕಿವಿ ಕಿತ್ತು ಬರ್ತಿತ್ತು ಬಿಡ್ರಿ!"

ನಾಕಾದ ಬಳಿ ಟ್ಯಾಕ್ಸಿ ನಿಂತಿತ್ತು. ಪತ್ನಿಯ ಹಣೆ ಬೆವರಿತ್ತು, ಕೈ ನಡುಗುತ್ತಿತ್ತು, ತುಟಿ ಮಾತ್ರ ಬಿಗಿದೇ ಇತ್ತು. ನಾನು ಖರ್ಜೂರ ಮುಂದೆ ಹಿಡಿದರೆ ಮುಖ ತಿರುಗಿಸಿದಳು.

"ದೋಷ ಇದ್ದರ ನನಗಿರಲಿ. ತಿನ್ನು," ಎಂದೆ. ಅದಕ್ಕೂ ಒಪ್ಪಲಿಲ್ಲ.

ಇತ್ತ ಪೇದೆ ಚಾಲಕನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಅವನು ಕಲಬುರಗಿ ಕಡೆಯವನು, ಅಳುವುದೊಂದು ಬಾಕಿ. "ಅಜ್ಜಿ ಹೆಗಲು ತಟ್ಟಿ ಕೈ ಬೀಸಿದ್ರು ರೀ ಮೇಡಂ. ಲಗೂ ನಡಿ ಅಂತಾರ ಅಂತ ಇನ್ನೂ ಜೋರ್ ಹೊಡದೆ."

"ಲೈಸೆನ್ಸ್ ತಗಿ ಮೊದಲ!"

ಆಗ ಹಿಂದಿನ ಸೀಟಿನಿಂದ ಕ್ಷೀಣವಾದ ಧ್ವನಿ ಕೇಳಿಸಿತು. "ಬೈಬ್ಯಾಡವ್ವಾ ಅವಗ. ಬಾಯಿ ಮುಚ್ಚಿ ಕುಂತಾಕಿ ನಾನು."

ಎಷ್ಟೋ ವರ್ಷ ಮುರಿಯದ ನಿಯಮವನ್ನು ಆಕೆ ಪರರ ಮಗನಿಗಾಗಿ ಮುರಿದಳು. ನಾನು ಮತ್ತೆ ಖರ್ಜೂರ ಹಿಡಿದೆ. ಈ ಸಲ ತಿಂದಳು. ನಡುಕ ನಿಂತ ಮೇಲೆ ಅದೇ ಚಾಲಕನೊಡನೆ ದರ್ಶನಕ್ಕೆ ಹೊರಟೆವು.

ಫೋನು ಕೊಟ್ಟ ಹೂವಿನಾಕೆಯ ವ್ಯಾಪಾರ ವೃದ್ಧಿಸಲಿ. ದಾರಿ ಕಾಯುವ ಆ ಹೆಣ್ಣುಮಗಳೂ ಅವಳ ಸಂಗಡಿಗರೂ ನಿತ್ಯ ಕ್ಷೇಮವಾಗಿ ಮನೆ ಸೇರಲಿ. ನನ್ನ ಸೊಸೆಗೆ, ಆ ಚಾಲಕನಿಗೆ ದೀರ್ಘಾಯುಷ್ಯವಿರಲಿ. ಎಲ್ಲರಿಗೂ ಮಂಗಳವಾಗಲಿ.