ಅಮ್ಮ ಬಂದೋಗ್ಲಿ ಎಂದವಳು

ನಾನು ನಿವೃತ್ತಳಾದ ದಿನ ಭಾಷಣ ಮಾಡಿದವರು, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ಈಗ ಮನೆಗೆ ಎರಡೇ ಮಕ್ಕಳಿರುವುದು ನನ್ನಿಂದ ಎಂದು ಹೊಗಳಿ ಹಾರ ಹಾಕಿದರು. ಆ ಹೊತ್ತಿನಲ್ಲೂ ನನ್ನ ಕಣ್ಣೆದುರು ಇದ್ದವಳು ಅವಳೊಬ್ಬಳೇ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಹೆರಿಗೆ ಮಾಡಿಸುವುದು, ಎರಡು ಮಕ್ಕಳಾದವರನ್ನು ಒಪ್ಪಿಸಿ ಆಪರೇಷನ್ ಕ್ಯಾಂಪಿಗೆ ಕರೆದೊಯ್ಯುವುದು ಸರ್ಕಾರಿ ನರ್ಸಾಗಿದ್ದ ನನ್ನ ಕೆಲಸ. ಬಾಯಿ ಜೋರು ನನ್ನದು. ನನ್ನನ್ನು ಕಂಡರೆ ಗಂಡಸರೂ ಹಿಪ್ಪುನೇರಳೆ ತೋಟದೊಳಗೆ ನುಸುಳುತ್ತಿದ್ದರು.

ಅಲ್ಲಿಯ ಹೆಂಗಸರು ದಡಾರಕ್ಕೆ ಅಮ್ಮ ಎನ್ನುತ್ತಿದ್ದರು. ಅಮ್ಮ ಬಂದು, ಬೇವಿನ ನೀರು ಹುಯ್ಯಿಸಿಕೊಂಡು ಎದ್ದ ಮಗುವೇ ತಮಗೆ ಉಳಿದ ಮಗು. ಅಲ್ಲಿಯವರೆಗೆ ಆಪರೇಷನ್ನಿನ ಮಾತೆತ್ತುವಂತಿಲ್ಲ. ದಡಾರದ ಸೂಜಿ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ.

ರೇಷ್ಮೆಹುಳು ಸಾಕುವ ಮನೆಯೊಂದರ ಸೊಸೆ ಅವಳು. ಮಗಳಿಗೆ ಅಮ್ಮ ಆಗಿತ್ತು, ಒಂದೂವರೆ ವರ್ಷದ ಮಗನಿಗೆ ಆಗಿರಲಿಲ್ಲ.

"ಇವನಿಗೊಂದ್ಸಲ ಅಮ್ಮ ಬಂದೋಗ್ಲಿ ನರ್ಸಮ್ಮ, ಆಮೇಲೆ ನಾನೇ ನಡ್ಕೊಂಡ್ ಬರ್ತೀನಿ," ಎಂದಳು.

"ಏನೇ ಹುಚ್ಚು ನಿಂದು! ಹಿಂಗೇ ಕಾಯ್ತಾ ಕೂತ್ರೆ ಇನ್ನೆರಡು ಹೆರ್ತೀಯ ಅಷ್ಟೆ. ಒಳ್ಳೆ ಗುಂಡ್ಕಲ್ಲಂಗವ್ನೆ, ಏನಾಗುತ್ತೆ ಅವನಿಗೆ? ನಾನಿಲ್ವಾ?"

ನಾನಿಲ್ವಾ ಎಂದೆ. ಅಯ್ಯೋ, ಏನು ಸೊಕ್ಕು ನನಗೆ! ಆ ಮಾತನ್ನೇ ನಂಬಿ ಅವಳು ಕ್ಯಾಂಪಿನ ಜೀಪು ಹತ್ತಿದಳು.

ಮುಂದಿನ ಬೇಸಿಗೆಯಲ್ಲಿ ಊರಿಗೆ ದಡಾರ ಬಂತು. ಎದೆ ಕಟ್ಟಿಕೊಂಡು ಮಗು ಒಂಬತ್ತನೆಯ ದಿನ ತೀರಿಕೊಂಡಿತು. ನನಗೆ ಗೊತ್ತಾಗಿದ್ದು ಮಣ್ಣು ಮಾಡಿದ ಮೇಲೆ. ಒಂದು ತಿಂಗಳು ಆ ಬೀದಿಗೆ ಕಾಲಿಡಲಿಲ್ಲ, ಧೈರ್ಯವಿರಲಿಲ್ಲ. ಕೊನೆಗೆ ಅವಳೇ ನನ್ನ ಮನೆ ಹುಡುಕಿಕೊಂಡು ಬಂದಳು. ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಳಗೆ ಕಟ್ಟಿದ್ರಲ್ಲ ನರ್ಸಮ್ಮ, ಅದನ್ನ ಬಿಚ್ಚಿಸ್ಕೊಡಿ," ಎಂದಳು. ಇನ್ನೊಂದು ಸಲ ಆಸ್ಪತ್ರೆಗೆ ಹೋದರೆ ಬಿಚ್ಚುತ್ತಾರೆ ಎಂದೇ ತಿಳಿದು, ಬದಲಿಸಲು ಸೀರೆಯನ್ನೂ ತಂದಿದ್ದಳು.

"ಕಟ್ಟಿ ಕತ್ತರಿಸಿಬಿಟ್ಟಿರ್ತಾರೆ ಕಣಮ್ಮ. ಬಿಚ್ಚೋಕಾಗಲ್ಲ."

ಅವಳು ಸೀರೆಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದಳು:

"ನೀವೂ ಮಾಡಿಸ್ಕೊಂಡಿದ್ದೀರಾ?"

"ಹೂಂ."

"ಯಾವಾಗ?"

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡುತ್ತಾ ಅದೂ ಆಗಲಿಲ್ಲ.

"ನಮ್ ಚಿಕ್ಕವನಿಗೆ ಅಮ್ಮ ಬಂದ್ ಹೋದ್ಮೇಲೆ," ಎಂದೆ.

ಅವಳು ಸೀರೆಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದಳು. ಕೊಂಕಿಲ್ಲ, ಕೋಪವಿಲ್ಲ.

"ಸರಿಯಾಗ್ ಮಾಡಿದ್ರಿ ಬಿಡಿ," ಎಂದಳು.