ಹನ್ನೊಂದು ಹೆಸರುಗಳು

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಆ ಸೀಳಿನಲ್ಲಿ ಕೂತ ಯಂತ್ರದೆಣ್ಣೆಯ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ವಿಜಯಪುರದಿಂದ ಬಂದವರು, ಮೂವತ್ತು ವರ್ಷ ಲಂಡನ್ನಿನ ಪಶ್ಚಿಮ ಅಂಚಿನ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗ ಕೊರೆದರು. ಕ್ವೀನ್ಸ್‌ಬರಿಯ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ರಕ್ತಸಂಬಂಧವಿಲ್ಲದಿದ್ದರೂ ಮೊದಲ ವಾರದಲ್ಲೇ ಅವರು ಕಾಕಾ, ಅವರ ಹೆಂಡತಿ ಕಾಕು ಆದರು.

ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹೋಗುವುದು ಅವರ ಅಭ್ಯಾಸ. ಅಲ್ಲಿನ ಹಳೆಯ ಕಂಪ್ಯೂಟರ್ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಅವರು ತಮ್ಮ ಪಾಸ್‌ವರ್ಡ್ ಹಾಕಿ ತೆರೆದಿಟ್ಟರೆ ಇಡೀ ಪಾಳಿ ಅದರಲ್ಲೇ ಬಿಡಿಭಾಗಗಳ ನಕ್ಷೆ ನೋಡಿಕೊಳ್ಳುತ್ತಿತ್ತು. ಹಾಗೆ ಮಾಡಲು ಹೇಳಿದವನು ಮ್ಯಾನೇಜರ್.

ಕಂಪ್ಯೂಟರ್ ಭದ್ರತೆ ನನ್ನ ಕೆಲಸ. “ಕಾಕಾ, ಇದು ಅಪಾಯ” ಎಂದೆ.

“ಎಲ್ಲಾರೂ ತಮ್ಮತಮ್ಮ ಪಾಸ್‌ವರ್ಡ್ ಹಾಕ್ಕೋತ ಕುಂತ್ರ ಊಟದ ಹೊತ್ತಾಗ್ತದ, ತಂಗಿ. ಹೊಸಾ ಕಂಪ್ಯೂಟರ್ ಕೊಡ್ರಿ ಅಂತ ಮೂರು ಸಲ ಬರದು ಕೇಳೀನಿ. ಚಹಾ ಮಷೀನ್ ಕೊಟ್ಟಾರ ನೋಡು!”

ಒಂದು ದಿನ ಯಾರೋ ಅಂತರ್ಜಾಲದ ಮೂಲಕ, ಹಾಗೆ ತೆರೆದಿಟ್ಟಿದ್ದ ಆ ಕಂಪ್ಯೂಟರಿಗೆ ನುಗ್ಗಿ ನಕ್ಷೆಗಳನ್ನೆಲ್ಲ ಕದ್ದರು. ಕೆಲವೇ ತಿಂಗಳಲ್ಲಿ ಅದೇ ಅಳತೆಯ ಬಿಡಿಭಾಗಗಳು ಬೇರೊಂದು ದೇಶದಿಂದ ಅರ್ಧ ಬೆಲೆಗೆ ಬಂದವು, ಆರ್ಡರುಗಳು ಕೈತಪ್ಪಿದವು. ಕಳ್ಳರು ಸಿಗಲಿಲ್ಲ, ಕಾಕಾ ಸಿಕ್ಕರು. ಕಂಪ್ಯೂಟರಿನ ದಾಖಲೆಯಲ್ಲಿದ್ದದ್ದು ಅವರೊಬ್ಬರ ಹೆಸರು. ವಿಚಾರಣೆಯ ಮೊದಲ ಪ್ರಶ್ನೆ, ವಿದೇಶದಲ್ಲಿ ನಿಮಗೆ ಬಂಧುಗಳಿದ್ದಾರೆಯೇ ಎಂಬುದು. ಮೂವತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದವರಿಗೆ! ತಾನು ಏನೂ ಹೇಳಿಯೇ ಇಲ್ಲವೆಂದು ಮ್ಯಾನೇಜರ್ ಜಾರಿಕೊಂಡ. ಕಂಪ್ಯೂಟರ್ ಬಳಸಿದವರ ಹೆಸರುಗಳನ್ನು ಬರೆದುಕೊಟ್ಟರೆ ಕಾಕಾರ ಕೆಲಸ ಉಳಿಯುತ್ತದೆ ಎಂದರು ವಿಚಾರಣೆ ನಡೆಸಿದವರು.

ಅವರ ಪರವಾಗಿ ಉತ್ತರ ಬರೆಯಲು ನಾನು ಕುಳಿತೆ. “ಹೆಸರು ಹೇಳಿ ಕಾಕಾ. ನೀವೊಬ್ಬರೇ ಯಾಕೆ ಹೊರಬೇಕು?”

“ಹೇಳಿದ್ರ ಹನ್ನೊಂದು ಮಂದಿ ಹೊರಗ ಬೀಳ್ತಾರ. ಮ್ಯಾನೇಜರನ ಹೆಸರು ದಪ್ಪ ಅಕ್ಷರದಾಗ ಬರಿ. ಉಳಿದವ್ರದ್ದು ಬ್ಯಾಡ.”

ಹಾಗೆಯೇ ಬರೆದೆ. ಕೆಲಸ ಹೋಯಿತು. ಆ ಹನ್ನೊಂದು ಮಂದಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಅದಕ್ಕೂ ಸಿಟ್ಟು. ಕಾಕಾರಿಗೆ ಇರಲಿಲ್ಲ. “ಅವ್ರಿಗೂ ಮನಿ ಮಕ್ಕಳು ಅದಾವ” ಎನ್ನುತ್ತಿದ್ದರು. ಮ್ಯಾನೇಜರ್ ಇಂದಿಗೂ ಅದೇ ಕುರ್ಚಿಯಲ್ಲಿದ್ದಾನೆ.

ಕಳೆದ ಚಳಿಗಾಲ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಕಂಪನಿಯಿಂದ ಹೂವು ಬಂತು, ಜೊತೆಗೊಂದು ಕಾರ್ಡು.

“ಏನ್ ಬರದಾರ, ಓದವಾ” ಎಂದರು ಕಾಕು.

“ನಮ್ಮ ನಂಬಿಗಸ್ತ ಸಹೋದ್ಯೋಗಿಗೆ.”

ಕಾಕು ಕಾರ್ಡನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ವಿಚಾರಣಿ ಮಾಡೂವಾಗ ಈ ಮಾತು ಎಲ್ಲಿ ಹೋಗಿತ್ತು ಅಂತ ಕೇಳಿ ಕಳಸು. ಇಂಗ್ಲಿಷ್‌ನಾಗ ಬರಿ. ಚಂದಂಗ ಬರಿ.”

ಅಂದೇ ಬರೆದು ಕಳಿಸಿದೆ. ಉತ್ತರ ಬಂದಿಲ್ಲ. ಪ್ರತಿ ತಿಂಗಳೂ ಅದೇ ಪತ್ರವನ್ನು ಮತ್ತೆ ಕಳಿಸುತ್ತೇನೆ.