ನಾಲ್ಕೂವರೆ ಅಡಿಯ ಬಾಗಿಲು

ನಾಲ್ಕು ವರ್ಷ ಬಾಗಿಲುಗಳನ್ನೇ ಮಾಡಿದ್ದೆ. ಆದರೂ ತೋರಿಸಲು ನನ್ನ ಬಳಿ ಒಂದು ಬಾಗಿಲೂ ಇರಲಿಲ್ಲ.

ಪುಣೆಯ ಸಣ್ಣದೊಂದು ಸ್ಟುಡಿಯೋದಲ್ಲಿ ಕೂತು ಹೊರದೇಶದ ಕಂಪ್ಯೂಟರ್ ಆಟಗಳಿಗೆ ಕೋಟೆ, ನೆಲಮಾಳಿಗೆ, ಪಾಚಿ ಹಿಡಿದ ಗೋಡೆ ಕಟ್ಟಿಕೊಡುವುದು ನನ್ನ ಕೆಲಸವಾಗಿತ್ತು. ಓಡುವವನು, ಗುಂಡು ಹಾರಿಸುವವನು ಬೇರೆಯವರ ಪಾಲು. ಅವನು ಓಡಾಡುವ ಜಾಗ ನಮ್ಮ ಪಾಲು. ಎನ್ವಿರಾನ್‌ಮೆಂಟ್ ಆರ್ಟಿಸ್ಟ್ ಎಂದು ಅದಕ್ಕೊಂದು ದೊಡ್ಡ ಹೆಸರು. ಸೇರುವ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಇಲ್ಲಿ ಮಾಡಿದ್ದು ಯಾವುದೂ ನಿನ್ನದಲ್ಲ, ಯಾರಿಗೂ ತೋರಿಸುವಂತಿಲ್ಲ ಎಂದು ಅದರಲ್ಲಿತ್ತು. ಸ್ಟುಡಿಯೋ ಮುಚ್ಚಿದಾಗ ನೀರಿನ ಬಾಟಲಿ ಮತ್ತು ಊಟದ ಡಬ್ಬಿ ಹಿಡಿದು ಹೊರಬಂದೆ. ಬೇರೆ ಸ್ಟುಡಿಯೋದವರು ಮೊದಲು ಕೇಳುತ್ತಿದ್ದುದು ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸದ ಮಾದರಿಗಳು. ನನ್ನದು ಶೂನ್ಯದಿಂದ ಶುರುವಾಗಬೇಕಿತ್ತು.

ನನಗೆ ಇದು ಹೊಸದೇನಲ್ಲ. ಅಪ್ಪ ಗೌಂಡಿ, ಅವ್ವ ಅವನ ಕೈಗೆ ಇಟ್ಟಿಗೆ, ಗಾರೆ ಕೊಡುವವಳು. ಯಾದಗಿರಿ ಕಡೆಯಿಂದ ಬಂದ ನಾವು ತೊಂಬತ್ತರ ದಶಕದ ಪುಣೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತಿದ್ದೆವು. ಕೆಲಸ ನಡೆಯುವ ಜಾಗದಲ್ಲೇ ತಗಡಿನ ಶೆಡ್ಡು, ಅದೇ ಮನೆ. ಫ್ಲ್ಯಾಟಿಗೆ ಜನ ಬರುವ ಹೊತ್ತಿಗೆ ನಮ್ಮ ಮನೆಯ ತಗಡುಗಳು ಬಿಚ್ಚಿಕೊಂಡು ಟೆಂಪೋ ಏರಿರುತ್ತಿದ್ದವು. ಕಟ್ಟಿದ್ದು ನಮ್ಮದಲ್ಲ ಎಂದು ನಮಗೆ ಯಾರೂ ಕಾಗದದ ಮೇಲೆ ಬರೆದು ತಿಳಿಸಬೇಕಿರಲಿಲ್ಲ. ನಾನು ಹೈಸ್ಕೂಲಿಗೆ ಬಂದ ಮೇಲೆ ಖಡಕಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಒಂದೆಡೆ ನಿಂತೆವು.

ಸ್ಟುಡಿಯೋ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಬಿಲ್ಡರುಗಳ ಜಾಹೀರಾತು ಮಾಡುವ ಆಫೀಸಿಗೆ ಸೇರಿದೆ. ಇನ್ನೂ ಏಳದ ಕಟ್ಟಡದೊಳಗೆ ಗಿರಾಕಿಯನ್ನು ತಿರುಗಾಡಿಸುವ ವೀಡಿಯೋ ಮಾಡುವುದು ಅಲ್ಲಿನ ಕಸುಬು. ಈಜುಕೊಳ, ತಾಳೆಮರ, ನಾಯಿ ಹಿಡಿದು ನಗುವ ಬಿಳಿಯ ದಂಪತಿ. ವಾಕಡದ ಒಂದು ಯೋಜನೆಗೆ ಸೈಟಿನ ಫೋಟೋಗಳು ಬಂದವು. ಬೇಲಿಯ ಬದಿಗೆ ಕೂಲಿಯವರ ಶೆಡ್ಡುಗಳ ಸಾಲು ಇತ್ತು. ವೀಡಿಯೋದಲ್ಲೂ ಇದ್ದದ್ದನ್ನು ಇದ್ದಲ್ಲೇ ಇಟ್ಟೆ. ಆಫೀಸಿನ ಸಾಹೇಬರು ಹಿಂದೆ ಬಂದು ನಿಂತು ಪರದೆಗೆ ಪೆನ್ನು ತಾಗಿಸಿದರು.

"ಹೇ ಕಾಯ್? ಕಾಢೂನ್ ಟಾಕ." ಇದೇನು, ತೆಗೆದುಹಾಕು.

ತೆಗೆದೆ. ಹನ್ನೊಂದು ಶೆಡ್ಡುಗಳನ್ನು ಆಯ್ದು ಒಂದು ಕೀಲಿ ಒತ್ತಿದರೆ ಮುಗಿಯಿತು. ಆ ಜಾಗಕ್ಕೆ ಹುಲ್ಲು ಹಾಕಿದೆ. ಹುಲ್ಲು ಚೆನ್ನಾಗಿ ಬಂದಿದೆ ಎಂದು ಸಾಹೇಬರು ಹೊಗಳಿದರು. ತಿಂಗಳ ಕೊನೆಗೆ ಎರಡು ವರ್ಷದ ಬಾಂಡಿಗೆ ಸಹಿ ಹಾಕಿದರೆ ಕೆಲಸ ಕಾಯಂ ಎಂದೂ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಹಿ ಹಾಕಿದರೆ ಎರಡು ವರ್ಷ ಹುಲ್ಲು. ಹಾಕದೆ ಉಳಿಯಬೇಕಾದರೆ ತಿಂಗಳೊಳಗೆ ಆಟದ ಸ್ಟುಡಿಯೋ ಒಂದು ನನ್ನನ್ನು ತೆಗೆದುಕೊಳ್ಳಬೇಕು, ಅದಕ್ಕೆ ಪೋರ್ಟ್‌ಫೋಲಿಯೋ ಬೇಕು. ಅಂದೇ ಬಸ್ಸಿನಲ್ಲಿ ಬರುವಾಗ ನಿಶ್ಚಯಿಸಿದೆ: ಎಲ್ಲರಂತೆ ಹತ್ತು ಕೋಟೆ ಮಾಡುವುದಿಲ್ಲ, ಒಂದೇ ಒಂದು ಜಾಗ ಮಾಡುತ್ತೇನೆ. ನಾನು ಅಳಿಸಿದ ಜಾಗ.

ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇತ್ತು, ಹಳೆಯ ಆಟವೊಂದರ ಜೊತೆ ಬಂದ ಎಡಿಟರ್ ಇತ್ತು. ಅದರಲ್ಲಿ ಯಾರು ಬೇಕಾದರೂ ತಮ್ಮ ಜಾಗ ಕಟ್ಟಿ ಆಟಗಾರನನ್ನು ನಡೆಸಬಹುದು. ಭಾನುವಾರ ಟೇಪು ಹಿಡಿದು ವಾಕಡಕ್ಕೆ ಹೋದೆ. ಶೆಡ್ಡಿನ ಹೆಂಗಸರು ನಮ್ಮ ಕಡೆಯವರೇ. ನಾನು ಅವರ ಬಾಗಿಲು ಅಳೆಯುವುದನ್ನು ನೋಡಿ, "ಸರಕಾರದಿಂದ ಬಂದೀರೇನ್ರಿ?" ಎಂದು ಕೇಳಿದರು. ಅಲ್ಲ, ಕಂಪ್ಯೂಟರಿನಾಗ ಕಟ್ಟಾಕ ಎಂದಾಗ ಬಿದ್ದು ಬಿದ್ದು ನಕ್ಕರು. ನಗಲಿ ಎಂದು ಅಳೆಯುತ್ತಲೇ ಇದ್ದೆ. ಬಾಗಿಲು ನಾಲ್ಕೂವರೆ ಅಡಿ. ನಮ್ಮ ಶೆಡ್ಡಿನದೂ ಅಷ್ಟೇ ಇತ್ತು.

ಅದರ ಮೇಲಂಚು ನನಗೆ ಚೆನ್ನಾಗಿ ಗೊತ್ತು. ಏಳು ವರ್ಷದವಳಿದ್ದಾಗ ಇಟ್ಟಿಗೆಯ ಮೇಲೆ ಹತ್ತಿ ಹೊಸ್ತಿಲೊಳಗೆ ಹಾರಲು ಹೋಗಿ ಆ ತಗಡಿನ ಅಂಚಿಗೆ ಹಣೆ ಸೀಳಿಕೊಂಡಿದ್ದೆ. ಮರುದಿನ ಅವ್ವ ತನ್ನ ಹಳೆಯ ಹಸಿರು ಸೀರೆಯ ತುಂಡನ್ನು ಸುರುಳಿ ಮಾಡಿ ಬಾಗಿಲ ಮೇಲಂಚಿಗೆ ಉದ್ದಕ್ಕೂ ಬಿಗಿದಳು. ಆಮೇಲೆ ಎಷ್ಟೋ ಸೈಟು ಬದಲಾದವು. ಹೊಸ ಶೆಡ್ಡಿಗೆ ಹೋದ ಕೂಡಲೇ ಅವಳು ಮೊದಲು ಕಟ್ಟುತ್ತಿದ್ದುದು ಆ ಬಟ್ಟೆಯನ್ನು.

ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಎರಡು ತಾಸು, ಭಾನುವಾರ ಇಡೀ ದಿನ ಕೂತು ಕಟ್ಟಿದೆ. ಅರ್ಧ ಎದ್ದ ಕಟ್ಟಡ, ಮರಳಿನ ಗುಡ್ಡೆ, ನೀರಿನ ತೊಟ್ಟಿ, ಶೆಡ್ಡುಗಳು, ಒಂದು ಶೆಡ್ಡಿನ ಬಾಗಿಲಿಗೆ ಅವ್ವನ ಹಸಿರು ಬಟ್ಟೆ. ಅಪ್ಪ ಹಿಂದೆ ನಿಂತು ಚಹಾ ಕುಡಿಯುತ್ತ ನೋಡಿದ. ಕಾಂಕ್ರೀಟ್ ಸುರಿದ ತಾರೀಖನ್ನು ಕಂಬದ ಮೇಲೆ ಬರೆದಿಡುವುದು ಸೈಟಿನ ರೂಢಿ, ಎಷ್ಟು ದಿನ ನೀರು ಹೊಡೆಯಬೇಕು ಎಂದು ಗೊತ್ತಾಗಲಿಕ್ಕೆ. ನಾನು ಅದನ್ನೂ ಬಿಡದೆ ಬರೆದಿದ್ದೆ. ಆದರೆ ಒಂದು ಕಂಬ ಮಾಡಿ ಅದನ್ನೇ ನಲವತ್ತು ಕಡೆ ನಿಲ್ಲಿಸುವುದು ನಮ್ಮ ಕಸುಬಿನ ರೂಢಿ.

"ಕೆಳಗಿಂದೂ ಮ್ಯಾಲಿಂದೂ ಎಲ್ಲಾ ಕಾಲಮ್ ಒಂದೇ ದಿನ ಹಾಕ್ಯಾರ?" ಎಂದ ಅಪ್ಪ. "ಯಾವ ಕಾಂಟ್ರಾಕ್ಟರವ್ವ ಇಂವ? ನನಗೂ ತೋರಸು."

ನಕ್ಕೆ, ಆದರೆ ನಾಚಿಕೆಯೂ ಆಯಿತು. ಶೆಡ್ಡಿನಲ್ಲಿ ಬೆಳೆದವಳು ನಾನು, ಇಷ್ಟೂ ತಿಳಿಯಬಾರದೇ? ಅಪ್ಪ ಪಕ್ಕದಲ್ಲಿ ಕೂತು ಮಹಡಿ ಮಹಡಿಗೂ ತಾರೀಖು ಹೇಳಿದ, ನಾನು ತಿದ್ದಿದೆ. ಹೊಸ ಕಂಬಗಳಿಗೆ ಒದ್ದೆ ಗೋಣಿತಟ್ಟು ಸುತ್ತಿಸಿದ್ದೂ ಅವನೇ.

ಮೊದಲ ಸಂದರ್ಶನ ದೊಡ್ಡ ಸ್ಟುಡಿಯೋದಲ್ಲಿ. ಅಲ್ಲಿನ ಕಲಾ ವಿಭಾಗದ ಮುಖ್ಯಸ್ಥ ಪರದೆಯ ಮೇಲಿನ ಕಟ್ಟಡದೊಳಗೆ ಓಡಾಡಿದ, ಬೆಳಕು ಚೆನ್ನಾಗಿದೆ ಎಂದ. ಆಮೇಲೆ ಶೆಡ್ಡಿನ ಕಡೆ ತಿರುಗಿ ಬಾಗಿಲಿಗೆ ಡಿಕ್ಕಿ ಹೊಡೆದು ನಿಂತ. ಆಟದ ಬಾಗಿಲುಗಳು ನಿಜದ ಬಾಗಿಲಿಗಿಂತ ದೊಡ್ಡವಿರುತ್ತವೆ. ಆಟಗಾರ ಎಲ್ಲೂ ತಡವರಿಸದೆ ನುಗ್ಗುತ್ತಿರಬೇಕು. ಇದು ಈ ಕಸುಬಿನ ಮೊದಲ ಪಾಠ, ನನಗೆ ಗೊತ್ತಿಲ್ಲದ್ದಲ್ಲ.

"ಇದು ತಪ್ಪು," ಎಂದ ಹಿಂದಿಯಲ್ಲಿ. "ಏಳೆಂಟು ಅಡಿಗೆ ಎತ್ತರಿಸಿ ಕಳಿಸಿ. ಆಮೇಲೆ ಮಾತಾಡೋಣ."

ಮನೆಗೆ ಬಂದು ಹೇಳಿದೆ. ಅಪ್ಪನಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

"ಎತ್ತರ ಮಾಡಿ ಕೊಟ್ಟು ಬಿಡವ್ವ. ನಾ ಏನ್ ಮಂದಿ ಮನಿಗಿ ನನ್ನ ಮನಸ್ಸಿಗಿ ಬಂದಂಗ ಬಾಗ್ಲಾ ಇಟ್ಟೀನೇನು? ನಕ್ಷಾದಾಗ ಇದ್ದಂಗ ಇಟ್ಟೀನಿ."

ಅವನು ಹೇಳಿದ್ದು ಸರಿಯೇ. ಬಾಂಡಿನ ದಿನ ಹತ್ತಿರವಾಗುತ್ತಿತ್ತು. ಎತ್ತರಿಸಿದೆ. ಬಾಗಿಲು ಏಳು ಅಡಿಯಾಗಲು ತಗಡಿನ ಮಾಡು ಒಂಬತ್ತಕ್ಕೆ ಏರಿತು, ಅವ್ವನ ಹಸಿರು ಬಟ್ಟೆ ಯಾರ ಕೈಗೂ ಎಟುಕದಷ್ಟು ಮೇಲೆ ಹೋಯಿತು. ಅಲ್ಲಿ ಅದರ ಕೆಲಸವೇ ಇರಲಿಲ್ಲ. ಅಪ್ಪನನ್ನು ಕೂರಿಸಿ ಬಾಣದ ಕೀಲಿಗಳನ್ನು ತೋರಿಸಿದೆ. ಅವನು ಎದೆ ಸೆಟೆಸಿ ಸೀದಾ ಒಳಗೆ ಹೋದ, ಒಂದು ಸುತ್ತು ತಿರುಗಿದ.

"ಭಾಳ ಛಂದ ಆಗ್ಯಾದ," ಎಂದ. ಇನ್ನೊಂದು ಸುತ್ತು ಹಾಕಿ, "ಇದ್ಯಾರ ಮನೀ?" ಎಂದ.

ಕೋಪ ಬಂತು. ಅಪ್ಪನ ಮೇಲಲ್ಲ, ಆ ಮುಖ್ಯಸ್ಥನ ಮೇಲೂ ಅಲ್ಲ, ಇಷ್ಟು ಬೇಗ ಎತ್ತರಿಸಿದ ನನ್ನ ಕೈಗಳ ಮೇಲೆ. ಬಾಗಿಲನ್ನು ಮತ್ತೆ ನಾಲ್ಕೂವರೆಗೆ ಇಳಿಸಿದೆ. ಅಕ್ಕಿ ಆರಿಸುತ್ತಿದ್ದ ಅವ್ವನನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದೆ. ಅವಳೂ ಬಾಗಿಲಿಗೆ ಬಂದು ನಿಂತಳು. ಈ ಕೀಲಿ ಒತ್ತು ಎಂದೆ. ಆಟಗಾರ ಬೆನ್ನು ನೆಟ್ಟಗಿಟ್ಟುಕೊಂಡೇ ಮೊಳಕಾಲಲ್ಲಿ ಕುಸಿದ, ಹಾಗೇ ಒಳಗೆ ಸರಿದ. ಅವ್ವ ಥಟ್ಟನೆ ನನ್ನ ತೋಳು ಹಿಡಿದಳು.

"ನೀರಿನ ಕೊಡ ಹೊತ್ತು ಹಿಂಗೇ ಹೋಗ್ತಿದ್ನಿ! ತಲಿ ಮ್ಯಾಲ ಕೊಡ ಇದ್ರ ಕುತ್ಗಿ ಬಗ್ಗಸಾಕ ಬರ್ತದೇನು? ಹಿಂಗೇ ಕುಂತಂಗ ಮಾಡಿ ಹೋಗ್ಬೇಕು. ಇಂವಗ ಯಾರು ಕಲಿಸ್ಯಾರ?"

ಅವಳು ಹೊರಗೆ ಬಂದು ಮತ್ತೆ ಒಳಗೆ ಹೋದಳು. ನಾಲ್ಕು ಸಲ ಹೋದಳು.

ದೊಡ್ಡ ಸ್ಟುಡಿಯೋಗೆ ಬಾಗಿಲನ್ನು ಇದ್ದ ಹಾಗೇ ಕಳಿಸಿದೆ. ಕುಳಿತು ನಡೆಯುವ ಕೀಲಿ ಯಾವುದೆಂದು ಕೆಳಗೆ ಒಂದು ಸಾಲು ಬರೆದೆ. ಮೂರು ದಿನದಲ್ಲಿ ಉತ್ತರ ಬಂತು: ಸೂಚನೆ ಪಾಲಿಸದವರು ಬೇಡ. ತಿಂಗಳ ಕೊನೆಯ ದಿನ ಸಾಹೇಬರು ಬಾಂಡು ಮುಂದಿಟ್ಟರು. ಸಹಿ ಹಾಕುವುದಿಲ್ಲ ಎಂದೆ. ಮುಂದೆ ಏನು ಮಾಡುತ್ತೀ ಎಂದು ಕೇಳಿದರು. ಶೆಡ್ಡು ಕಟ್ಟುತ್ತೇನೆ ಎಂದೆ. ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಏಳು ವಾರ ಮನೆಯಲ್ಲಿ ಕೂತೆ. ಆಮೇಲೆ ಎರಡು ಕೋಣೆಯ ಚಿಕ್ಕ ಸ್ಟುಡಿಯೋ ಒಂದು ಕರೆಯಿತು. ನಡುವಯಸ್ಸಿನ ಮಾಲೀಕರು ತಾವೇ ಕೀಬೋರ್ಡ್ ಎಳೆದುಕೊಂಡರು. ಕಂಬಗಳ ತಾರೀಖುಗಳನ್ನು ಓದುತ್ತ ಮಹಡಿ ಏರಿ ಇಳಿದರು. ಕೊನೆಗೆ ಶೆಡ್ಡಿಗೆ ಬಂದರು, ಬಾಗಿಲಿಗೆ ಬಡಿದರು. ಹಿಂದೆ ಸರಿದು ಮತ್ತೆ ಬಡಿದರು. ಈ ಸಲ ನಾನು ಕೀಲಿಯ ಹೆಸರು ಎಲ್ಲೂ ಬರೆದಿರಲಿಲ್ಲ. ಸಹಾಯಕ್ಕೂ ಹೋಗಲಿಲ್ಲ. ಮೂರನೆಯ ಸಲ ಬಡಿದು ನನ್ನ ಮುಖ ನೋಡಿದರು.

"ಬಗ್ಗಬೇಕ್ರಿ," ಎಂದುಬಿಟ್ಟೆ, ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ ಹೇಳಿದೆ.

ಅವರು ಕೀಲಿ ಹುಡುಕಿ ಒತ್ತಿದರು. ಆಟಗಾರ ಮೆಲ್ಲಗೆ ಕುಸಿದ, ಹಸಿರು ಬಟ್ಟೆ ಅವನ ತಲೆಗೆ ತೀರ ಹತ್ತಿರದಲ್ಲಿ ಹಾದುಹೋಯಿತು. ಒಳಗೆ ಹೋಗಿ ಎದ್ದು ನಿಂತರು. ಒಲೆ, ಟ್ರಂಕು, ಮೂಲೆಯ ಎರಡು ಕೊಡ ನೋಡಿದರು. ತಿರುಗಿ ಬಾಗಿಲ ಮೇಲಂಚನ್ನೇ ದಿಟ್ಟಿಸುತ್ತ, ಈ ಬಟ್ಟೆ ಯಾಕೆ ಕಟ್ಟಿದ್ದೀರಿ, ಯಾವ ಫೋಟೋದಲ್ಲಿ ಸಿಕ್ಕಿತು ಎಂದು ಕೇಳಿದರು.

ನಾನು ಹಣೆಯ ಮೇಲಿನ ಕೂದಲು ಸರಿಸಿ ತೋರಿಸಿದೆ.